ಮಾತಾಡದ ಟೂಲ್‌ಸೆಟ್

ಮಾರ್ಚ್ ೪

ಬಡಬಡಿಗೆ,

ಒಂದೇ ಊರಲ್ಲಿದ್ದುಕೊಂಡು ಅಂಚೆಯಲ್ಲಿ ಕಾಗದ ಬಂತೆಂದು ನಗಬೇಡ. ಫೋನು ಮಾಡಿದರೆ ನೀನು ಮಾತಾಡಿ ಮಾತಾಡಿ ನನ್ನ ಸಿಟ್ಟು ಇಳಿಸಿಬಿಡುತ್ತೀಯ. ಹನ್ನೊಂದು ವರ್ಷದಿಂದ ಅದೇ ಆಗಿದೆ. ಈ ಸಲ ಇಳಿಸಿಕೊಳ್ಳುವ ಮನಸ್ಸಿಲ್ಲ. ಕಾಗದವಾದರೆ ನಡುವೆ ಬಾಯಿ ಹಾಕದೆ ಪೂರ್ತಿ ಓದಲೇಬೇಕು.

ಅಪ್ಪನ ಕಣ್ಣಿನ ಆಪರೇಷನ್ನಿಗೆ ಎಂಟು ದಿನ ರಜೆ ಹಾಕಿದ್ದೆ. ಹುಟ್ಟುಗುರುಡಿ ಮಗಳು ಅಪ್ಪನನ್ನು ಕೈಹಿಡಿದು ಕಣ್ಣಿನ ಆಸ್ಪತ್ರೆಗೆ ಕರೆತಂದದ್ದನ್ನು ಕಂಡು ನರ್ಸು ನಕ್ಕಳು, ನಾವೂ ನಕ್ಕೆವು. ಅದೇ ಖುಷಿಯಲ್ಲಿ ಸೋಮವಾರ ಬಂದು ನನ್ನ ಕುರ್ಚಿಯಲ್ಲಿ ಕೂತೆ. ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಶುರು ಮಾಡಿದೆ. ತೆರೆಯ ಮೇಲಿರುವುದನ್ನು ಓದಿ ಹೇಳುವ ನನ್ನ ಸ್ಕ್ರೀನ್ ರೀಡರ್ ಹೇಳಿದ್ದು ಇಷ್ಟು: "ಪೆಟ್ಟಿಗೆ. ಪೆಟ್ಟಿಗೆ. ಹೆಸರಿಲ್ಲದ ಬಟನ್. ಪೆಟ್ಟಿಗೆ."

ಕೆಟ್ಟಿರಬೇಕು ಎಂದುಕೊಂಡು ಮತ್ತೆ ಶುರು ಮಾಡಿದೆ. ಮತ್ತೆ ಪೆಟ್ಟಿಗೆ. ಕೋಣೆಯಲ್ಲಿ ಆರು ಜನ ಇದ್ದರು, ಒಬ್ಬರ ಕೀಬೋರ್ಡೂ ಸದ್ದು ಮಾಡುತ್ತಿರಲಿಲ್ಲ. ಆರು ಜನ ಉಸಿರು ಬಿಗಿಹಿಡಿದು ಕೂತರೆ ಅದೂ ನನಗೆ ಕೇಳುತ್ತದೆ ಕಣೇ. ಕೊನೆಗೆ ಟೆಸ್ಟಿಂಗ್ ನೋಡಿಕೊಳ್ಳುವವಳು ಬಾಯಿ ಬಿಟ್ಟಳು. "ಟೂಲ್‌ಸೆಟ್ ಬದಲಾಯ್ತಲ್ಲ. ಹೋದ ಮಂಗಳವಾರ ಮೀಟಿಂಗ್ ಆಯ್ತು. ನಿಮಗೆ ಹೇಳಿಲ್ವಾ?"

ಹೇಳಿಲ್ಲ. ನಾವಿಬ್ಬರೂ ಸೇರಿ ಬರೆದ ಪ್ರೋಗ್ರಾಂ ಅದು. ಊರಿನ ಯಾವ ಮೂಲೆಯಿಂದ ಕರೆ ಬಂದರೂ ಯಾವ ಆಂಬ್ಯುಲೆನ್ಸ್ ಹೋಗಬೇಕೆಂದು ಹೇಳುವ ಪ್ರೋಗ್ರಾಂ. ಫಂಕ್ಷನಲ್ ಭಾಷೆಯಲ್ಲೇ ಬರೆಯೋಣ, ಒಂದೇ ಪ್ರಶ್ನೆಗೆ ಯಾವಾಗ ಕೇಳಿದರೂ ಒಂದೇ ಉತ್ತರ ಬರಬೇಕು ಎಂದು ಹಠ ಹಿಡಿದವಳು ನೀನು. ಬರೆದದ್ದನ್ನು ಕಟ್ಟಿ, ಅಂದರೆ ಯಂತ್ರ ನಡೆಸುವ ರೂಪಕ್ಕೆ ತಂದು, ತಪ್ಪು ಯಾವ ಸಾಲಿನಲ್ಲಿದೆಯೆಂದು ಹೇಳುವ ಸಲಕರಣೆಗಳು, ಅವೇ ಟೂಲ್‌ಸೆಟ್ಟುಗಳು, ನಾಲ್ಕೈದು ಇದ್ದವು. ಅವುಗಳಲ್ಲಿ ಒಂದನ್ನು ಆರಿಸಿದವಳು ನಾನು. ಏಕೆಂದರೆ ಅದೊಂದೇ ಬರೀ ಅಕ್ಷರದಲ್ಲಿ ಮಾತಾಡುತ್ತಿತ್ತು: ಸಾಲು ನಲವತ್ತು, ಇಂಥದ್ದು ಬೇಕಿತ್ತು, ಇಂಥದ್ದು ಇದೆ. ನಿನ್ನ ಹೊಸದು ಚಿತ್ರ ಬಿಡಿಸುತ್ತದೆ. ಕೆಂಪು ಗೆರೆ ಎಳೆಯುತ್ತದೆ. ಮೌಸ್ ಮೇಲಿಟ್ಟರೆ ಹೂವಿನ ಹಾಗೆ ಅರಳುತ್ತದಂತೆ. ಕುರುಡಿಯ ಮುಂದೆ ಕನ್ನಡಿ ಹಿಡಿದ ಹಾಗಾಯಿತು.

ಮಧ್ಯಾಹ್ನದ ಹೊತ್ತಿಗೆ ಚೀಲ ತಗೊಂಡು ಮನೆಗೆ ಬಂದೆ. ಉತ್ತರ ಬರೆಯುವುದಾದರೆ ಟೈಪ್ ಮಾಡಿ ಕಳಿಸು. ಅಚ್ಚಿನ ಅಕ್ಷರವಾದರೆ ನನ್ನ ಯಂತ್ರ ಓದುತ್ತದೆ.

ಎಂಟು ದಿನ ಕಾಯಲಾಗಲಿಲ್ಲವಲ್ಲ ನಿನಗೆ.

— ಕಿವಿ

•

ಮಾರ್ಚ್ ೧೧

ಕಿವಿಗೆ,

ಟೈಪ್ ಮಾಡಲು ಪುರುಸೊತ್ತಿಲ್ಲ. ಕಂಟ್ರೋಲ್ ರೂಮಿನ ಮೂಲೆಯಲ್ಲಿ ನಿಂತು ಕೈಯಲ್ಲೇ ಗೀಚುತ್ತಿದ್ದೇನೆ. ಅಪ್ಪನಿಗೆ ಹೊಸ ಕಣ್ಣು ಬಂದಿದೆಯಲ್ಲ, ಓದಿಸಿಕೋ.

ಎಂಟು ದಿನ ಕಾಯಲಾಗಲಿಲ್ಲವಾ ಎಂದು ಕೇಳುತ್ತೀಯ. ಮೂರು ವರ್ಷ ಕಾದಿದ್ದೇನೆ ಮಹಾರಾಯ್ತಿ. ಮೂರು ವರ್ಷದಿಂದ ಹೇಳುತ್ತಿದ್ದೇನೆ, ಹಳೆಯದರಲ್ಲಿ ಒಂದು ಸಾಲು ತಿದ್ದಿದರೂ ಕಟ್ಟಲು ನಲವತ್ತು ನಿಮಿಷ ಬೇಕು ಎಂದು. ನಿನ್ನ ಕಂಪ್ಯೂಟರಿನಲ್ಲಿ ಕಟ್ಟಿದ್ದು ನನ್ನದರಲ್ಲಿ ಕಟ್ಟುವುದಿಲ್ಲ. ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಲೈಬ್ರರಿ ನನ್ನಲ್ಲಿರುವುದು ಒಂದು ಆವೃತ್ತಿ, ನಿನ್ನಲ್ಲಿರುವುದು ಇನ್ನೊಂದು. ಹೊಸದರಲ್ಲಿ ಎಲ್ಲರಿಗೂ ಒಂದೇ ಆವೃತ್ತಿ, ಬೀಗ ಹಾಕಿದ ಹಾಗೆ. ಕಟ್ಟಲು ನಾಲ್ಕೇ ನಿಮಿಷ. ಪ್ರತಿ ಸಲವೂ ನೀನು "ನೋಡೋಣ" ಎಂದೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ "ನೋಡೋಣ". ಸೇತುವೆ ಮುಚ್ಚಿದ ದಿನ ಕಂಟ್ರೋಲ್ ರೂಮಿನಲ್ಲಿ ನಿಂತವಳು ನಾನು, ನೀನಲ್ಲ.

ನೀನಿಲ್ಲದಾಗ ಮೀಟಿಂಗ್ ಇಟ್ಟದ್ದು ಬೇಕೆಂದೇ. ಸುಳ್ಳು ಹೇಳುವುದಿಲ್ಲ. ನೀನಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ನಿನ್ನ ಮುಂದೆ "ನನಗೆ ಈ ಕೆಂಪು ಗೆರೆ ಬೇಕು" ಎನ್ನಲು ಅವರಿಗೆ ನಾಚಿಕೆ. ಹನ್ನೊಂದು ವರ್ಷ ನಿನ್ನೊಬ್ಬಳಿಗೆ ಕಾಣುವುದಿಲ್ಲವೆಂದು ಇಡೀ ವಿಭಾಗ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತಿತ್ತು. ಆದ್ದರಿಂದ ಈ ಸಲ ನಿನ್ನನ್ನು ಕೇಳಲಿಲ್ಲ.

ನಿನಗೆ ಬೇರೆ ಕೆಲಸ ಇಟ್ಟಿದ್ದೇನೆ. ದಾಖಲೆ ಬರೆಯುವುದು, ಹೊಸಬರಿಗೆ ತರಬೇತಿ. ಬಂದು ಮಾಡು.

— ವಿಭಾಗದ ಮುಖ್ಯಸ್ಥೆ

•

ಮಾರ್ಚ್ ೧೯

ಮುಖ್ಯಸ್ಥೆಯವರಿಗೆ,

ಅಪ್ಪ ಯಾರೆಂದು ನಿನಗೆ ಗೊತ್ತು. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವರು. ತಿದ್ದುವ ಚಟ ಕೈಯಿಂದ ಹೋದರೂ ಬಾಯಿಂದ ಹೋಗಿಲ್ಲ. ನಿನ್ನ ಕಾಗದ ಓದುತ್ತಾ ಓದುತ್ತಾ ಒಂದು ಕಡೆ ಕೆಮ್ಮಿದರು. ಆಮೇಲೆ "ಆದ್ದರಿಂದ ಈ ಸಲ ನಿನ್ನನ್ನು ಕೇಳಲಿಲ್ಲ" ಎಂದು ಮುಂದುವರಿಸಿದರು.

"ಅಪ್ಪಾ, ಆದ್ದರಿಂದ ಅಂದ್ರೆ ಹಿಂದೆ ಒಂದು ಕಾರಣ ಇರ್ಬೇಕಲ್ಲ?"

"ಅಕ್ಷರ ಸರಿಯಾಗಿ ಕಾಣ್ಲಿಲ್ಲ ಕಣಮ್ಮ."

"ನಿನ್ನೆ ಎದುರು ಕಟ್ಟಡದ ಬೋರ್ಡು ಓದಿದ್ರಿ."

ಅಪ್ಪ ಎದ್ದು ಅಡುಗೆಮನೆಗೆ ಹೋದರು. ನಾನು ಕಾಗದ ತಗೊಂಡು ಕೆಳಗಿನ ಮನೆಯ ದರ್ಜಿಯಮ್ಮನ ಹತ್ತಿರ ಹೋದೆ. ಆಕೆ ಮಿಷನ್ ನಿಲ್ಲಿಸಿ, ಒಂದೊಂದೇ ಅಕ್ಷರ ಕೂಡಿಸಿ, ನಿನ್ನ ಆ ಸಾಲನ್ನು ಪೂರ್ತಿ ಓದಿದಳು. ಓದಿ, "ಇದನ್ನ ಯಾರಮ್ಮಾ ಬರೆದಿದ್ದು?" ಎಂದಳು. ನನ್ನ ಗೆಳತಿ ಎಂದೆ.

ಇಡೀ ವಿಭಾಗ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿತ್ತೇ? ಆ ಬಟ್ಟೆಯನ್ನು ನಾನು ಕಟ್ಟಿದೆನೇ? ಈ ಭಾಷೆಯ ಹೆಸರೂ ಗೊತ್ತಿಲ್ಲದೆ ಬಂದ ಆರು ಜನಕ್ಕೆ ಎದುರು ಕೂತು ಕಲಿಸಿದವಳು ಯಾರು? ನಿನಗೆ ದಾರಿ ಹುಡುಕುವ ಭಾಗ ಬರೆಯಲು ಬರದೆ ಮೂರು ತಿಂಗಳು ತಿಣುಕಿದಾಗ ಅದನ್ನು ಬರೆದವಳು ಯಾರು? ಈಗ ಅದಕ್ಕೆ ಕೈ ಹಚ್ಚಬೇಡ, ದಾಖಲೆ ಬರಿ ಎನ್ನುತ್ತೀಯ. ಅಡುಗೆ ಮಾಡಿದವಳಿಗೆ ಎಂಜಲೆಲೆ ಎತ್ತು ಎಂದ ಹಾಗೆ.

ರಾಜೀನಾಮೆ ಇದರ ಜೊತೆಗಿದೆ. ಟೈಪ್ ಮಾಡಿದ್ದೇನೆ. ಸ್ವಚ್ಛವಾಗಿದೆ.

ಒಂದೇ ಪ್ರಶ್ನೆ. ಸೇತುವೆಯ ವಿಷಯ ಎರಡು ವರ್ಷದ ಹಿಂದೆ ನೀನು ನನಗೆ ಹೇಳಿದ್ದು "ಸ್ವಲ್ಪ ತಡವಾಯಿತು, ಸರಿಹೋಯಿತು" ಎಂದು. ಈಗ ನನ್ನ ಮೇಲೆ ಎಸೆಯಲು ಅದನ್ನೇ ಎತ್ತಿಕೊಂಡಿದ್ದೀಯ. ಆ ದಿನ ಏನಾಯಿತು?

— ಕಿವಿ

•

ಏಪ್ರಿಲ್ ೨

ಕಿವಿ,

ಈ ಸಲ ಟೈಪ್ ಮಾಡಿದ್ದೇನೆ. ಯಂತ್ರದಿಂದಲೇ ಕೇಳು, ಅಪ್ಪನಿಗೆ ಕೊಡಬೇಡ.

ಬೆಳಿಗ್ಗೆ ಹತ್ತಕ್ಕೆ ಸೇತುವೆಯ ಕಂಬದಲ್ಲಿ ಬಿರುಕು ಬಿಟ್ಟಿದೆಯೆಂದು ಮುಚ್ಚಿದರು. ನಮ್ಮ ಪ್ರೋಗ್ರಾಮಿಗೆ ಆ ದಾರಿ ಇಲ್ಲವೆಂದು ಹೇಳಬೇಕಿತ್ತು. ಒಂದೇ ಸಾಲು. ಬರೆದೆ. ಕಟ್ಟಲು ಕೊಟ್ಟೆ. ನಲವತ್ತು ನಿಮಿಷ ಆದಮೇಲೆ ಲೈಬ್ರರಿ ಹೊಂದುವುದಿಲ್ಲವೆಂದು ನಿಂತುಬಿಟ್ಟಿತು. ಬೇರೆ ಆವೃತ್ತಿ ಹಾಕಿದೆ. ಮತ್ತೆ ನಲವತ್ತು ನಿಮಿಷ. ಮತ್ತೆ ನಿಂತಿತು. ಸರಿಯಾದ ಆವೃತ್ತಿ ಇದ್ದದ್ದು ನಿನ್ನ ಲ್ಯಾಪ್‌ಟಾಪಿನಲ್ಲಿ. ನೀನು ಸಮ್ಮೇಳನಕ್ಕೆಂದು ರೈಲಿನಲ್ಲಿದ್ದೆ. ಸುರಂಗಗಳ ದಾರಿ, ಫೋನು ಹತ್ತಲಿಲ್ಲ. ಐದು ಗಂಟೆ ಹೀಗೇ ಹೋಯಿತು.

ಅಷ್ಟೂ ಹೊತ್ತು ನಮ್ಮ ಪ್ರೋಗ್ರಾಂ ಸೇತುವೆ ತೆರೆದಿದೆ ಎಂದೇ ನಂಬಿ, ಹೊಳೆಯ ಆಚೆ ದಡದ ಗಾಡಿಯನ್ನು "ಹತ್ತಿರದ್ದು" ಎಂದು ಕಳಿಸುತ್ತಿತ್ತು. ಕರೆ ತೆಗೆದುಕೊಳ್ಳುವ ಹುಡುಗಿಯರು ಗೋಡೆಯ ನಕ್ಷೆ ನೋಡಿ ಕೈಯಲ್ಲೇ ಹಂಚಲು ಶುರು ಮಾಡಿದರು. ಒಂದು ಕರೆ ತಪ್ಪಿತು. ಈಚೆ ದಡದ ಬಡಗಿಯೊಬ್ಬನಿಗೆ ಎದೆನೋವು. ಗಾಡಿ ಆಚೆಯಿಂದ ಹೊರಟು, ಸೇತುವೆಯವರೆಗೆ ಬಂದು, ತಿರುಗಿ, ಊರೆಲ್ಲ ಸುತ್ತಿ ತಲುಪಿದಾಗ ಮೂವತ್ತೆಂಟು ನಿಮಿಷ. ಅವನು ಉಳಿಯಲಿಲ್ಲ.

ಆರನೇ ದಿನ ಅವನ ಹೆಂಡತಿ ಆಫೀಸಿಗೆ ಬಂದಳು. ನನ್ನೆದುರು ಕೂತು ಕೇಳಿದಳು:

"ಆ ಗಾಡಿ ಯಾರು ಕಳಿಸಿದ್ದು?"

"ಕಂಪ್ಯೂಟರ್ ಹೇಳುತ್ತಮ್ಮ."

"ಕಂಪ್ಯೂಟರ್‌ಗೆ ಯಾರು ಹೇಳಿದ್ದು?"

ವಿಚಾರಣೆ ನಡೀತಿದೆ ಎಂದೆ. ನಡೆಯುತ್ತಿರಲಿಲ್ಲ.

ನಿನಗೆ ಏಕೆ ಹೇಳಲಿಲ್ಲವೆಂದರೆ, ಹೇಳಿದ್ದರೆ ನೀನು ಕುಸಿಯುತ್ತಿದ್ದೆ. ಹಳೆಯ ಟೂಲ್‌ಸೆಟ್ಟನ್ನು ಕಿತ್ತೆಸೆದು, ಅದರ ಹಿಂದೆ ಕೆಲಸವನ್ನೂ ಎಸೆದು ಹೋಗುತ್ತಿದ್ದೆ. ಹೇಳದೆ ಉಳಿಸಿಕೊಂಡೆ. ನುಂಗಲೂ ಆಗದೆ ಉಗುಳಲೂ ಆಗದೆ ಎರಡು ವರ್ಷ ಇಟ್ಟುಕೊಂಡಿದ್ದೆ. ಅದು ಹುಳಿತು ಆ ಕೆಟ್ಟ ಸಾಲಾಗಿ ಹೊರಗೆ ಬಂತು.

ರಾಜೀನಾಮೆ ಮೇಲಿನವರಿಗೆ ಕಳಿಸಿಲ್ಲ.

— ಬಡಬಡಿ

•

ಏಪ್ರಿಲ್ ೨೩

ಬಡಬಡಿ,

ಮೂರು ವಾರ ಬರೆಯಲಾಗಲಿಲ್ಲ. ಬರೆದಿದ್ದರೆ ಕಾಗದ ಹೊತ್ತಿ ಉರಿಯುತ್ತಿತ್ತು.

ನಾನು ಕುಸಿಯುತ್ತೇನೆಂದು ತೀರ್ಮಾನ ಮಾಡಿದವಳು ನೀನು. ಈ ಕನಿಕರವನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ರಸ್ತೆ ದಾಟಿಸುತ್ತೇವೆಂದು, ಎತ್ತ ಹೋಗಬೇಕೆಂದೂ ಕೇಳದೆ ರಟ್ಟೆ ಹಿಡಿದು ಎಳೆಯುತ್ತಾರಲ್ಲ, ಅವರ ಕನಿಕರ. ಅವರಿಂದ ಕೈ ಕೊಸರಿಕೊಂಡು ಬಂದು ನಿನ್ನ ಪಕ್ಕ ಕೂತಿದ್ದೆ ನಾನು. ನೀನೂ ರಟ್ಟೆ ಹಿಡಿದಿದ್ದೆ. ನನಗೇ ಗೊತ್ತಾಗದ ಹಾಗೆ ಹಿಡಿದಿದ್ದೆ.

ನನ್ನ ಪಾಲಿನದನ್ನೂ ಹೇಳುತ್ತೇನೆ, ಬಿಟ್ಟಿದ್ದೇನೆ ಎನ್ನಬೇಡ. ಆವೃತ್ತಿಗಳಿಗೆ ಬೀಗ ಹಾಕಿಲ್ಲವೆಂದು ನನಗೆ ಗೊತ್ತಿತ್ತು. ಹಳೆಯದರಲ್ಲೂ ಹಾಕಬಹುದಿತ್ತು, ಎರಡು ದಿನದ ಕೆಲಸ. ಆ ಮಾತೆತ್ತಿದರೆ ಹೊಸದರ ಮಾತು ಬರುತ್ತದೆ, ಹೊಸದು ಬಂದರೆ ನಾನು ಹೊರಗೆ ಎಂದು ಮುಂದೂಡುತ್ತಾ ಹೋದೆ. ನನ್ನ "ನೋಡೋಣ"ದ ಅರ್ಥ ಹೆದರಿಕೆ. ಅದರ ಬೆಲೆಯನ್ನು ಬಡಗಿ ತೆತ್ತ.

ಕಂಟ್ರೋಲ್ ರೂಮಿನವಳೊಬ್ಬಳಿಂದ ವಿಳಾಸ ತಗೊಂಡು ಅಪ್ಪನ ಜೊತೆ ಅವನ ಮನೆಗೆ ಹೋದೆ. ಕೆಳಗೆ ಅಂಗಡಿ, ಮೇಲೆ ಮನೆ. ಮರದ ಹೊಟ್ಟು ಕಾಲಿಗೆ ಮೆತ್ತಗೆ ಸಿಗುತ್ತಿತ್ತು. ಈಗ ಅವನ ಹೆಂಡತಿಯೇ ಅಂಗಡಿ ನಡೆಸುತ್ತಾಳೆ, ಉಜ್ಜುಕಾಗದ ಹಿಡಿದು ಏನೋ ಉಜ್ಜುತ್ತಿದ್ದಳು. ಕಂಪ್ಯೂಟರಿಗೆ ದಾರಿ ಹೇಳಿಕೊಟ್ಟವಳು ನಾನು ಎಂದೆ. ಉಜ್ಜುವ ಸದ್ದು ನಿಂತಿತು.

"ನಿಮಗೆ ಕಣ್ಣು ಕಾಣಲ್ವಾ?"

"ಕಾಣಲ್ಲಮ್ಮ."

"ಕಣ್ಣು ಕಾಣದೋರ ಕೈಗೆ ದಾರಿ ಕೊಟ್ಟಿದ್ರಾ!"

ಅಪ್ಪ ಏನೋ ಹೇಳಲು ಬಾಯಿ ತೆಗೆದರು, ನಾನು ಕೈ ಅದುಮಿದೆ. ಬೇರೆ ಯಾರು ಹೇಳಿದ್ದರೂ ತಿರುಗಿ ಬೀಳುತ್ತಿದ್ದೆ. ಆ ಮನೆಯಲ್ಲಿ ಸಿಟ್ಟು ಮಾಡುವ ಹಕ್ಕು ಅವಳೊಬ್ಬಳದು. ನಡೆದದ್ದನ್ನೆಲ್ಲ ಹೇಳಿದೆ. ಹಳೆಯ ಸಲಕರಣೆ, ಹೊಸ ಸಲಕರಣೆ, ನೀನು, ನಾನು, ಎಲ್ಲ. ಪೂರ್ತಿ ಕೇಳಿಸಿಕೊಂಡು ಅವಳು ಅಂದದ್ದು:

"ನಿಮ್ಮಿಬ್ಬರ ಜಗಳ ನನಗ್ಯಾಕೆ? ಇವತ್ತು ಆ ಸೇತುವೆ ಮುಚ್ಚಿದ್ರೆ ನಿಮಗೆ ಎಷ್ಟು ಹೊತ್ತು ಬೇಕು? ಅದನ್ನ ಹೇಳಿ."

ಗೊತ್ತಿಲ್ಲ ಎಂದೆ.

"ಗೊತ್ತು ಮಾಡ್ಕೊಂಡು ಬನ್ನಿ."

ಈಗ ನಿನ್ನನ್ನು ಕೇಳುತ್ತಿದ್ದೇನೆ. ಎಷ್ಟು ಹೊತ್ತು? ನಾಲ್ಕು ನಿಮಿಷ ಎಂದು ಬರೆಯಬೇಡ. ಅಳತೆ ಮಾಡಿ ಬರಿ.

— ಕಿವಿ

•

ಮೇ ೬

ಕಿವಿ,

ಅಳತೆ ಮಾಡಿದೆ.

ಪರೀಕ್ಷೆಗೆಂದು ಇಟ್ಟಿರುವ ಯಂತ್ರದಲ್ಲಿ ಮೊನ್ನೆ ಬೆಳಿಗ್ಗೆ ಯಾರಿಗೂ ಮುಂಚೆ ಹೇಳದೆ ಸೇತುವೆ ಮುಚ್ಚಿದೆ. ಗಡಿಯಾರ ಹಿಡಿದು ನಿಂತೆ. ಆ ಒಂದು ಸಾಲು ಎಲ್ಲಿ ಬರೆಯಬೇಕೆಂದು ಆರು ಜನರಲ್ಲಿ ಯಾರಿಗೂ ಗೊತ್ತಿಲ್ಲ. ದಾರಿ ಹುಡುಕುವ ಭಾಗ ನೀನು ಬರೆದದ್ದು, ನಿನ್ನ ತಲೆಯಲ್ಲೇ ಇದೆ. ನಾನು ಎರಡು ವರ್ಷದ ಹಿಂದೆ ಮುಟ್ಟಿದ ಜಾಗ ಈಗ ಬದಲಾಗಿದೆ. ಒಬ್ಬ ಒಂದು ಕಡೆ ತಿದ್ದಿದ, ತೆರೆಯ ಮೇಲಿನ ಆಂಬ್ಯುಲೆನ್ಸುಗಳೆಲ್ಲ ನಿಂತಲ್ಲೇ ನಿಂತವು. ಕಟ್ಟಲು ನಾಲ್ಕು ನಿಮಿಷ, ಮಾತೇ ಇಲ್ಲ. ಸರಿಯಾಗಿ ತಿದ್ದಿ ಮುಗಿಸಲು ಎರಡು ಗಂಟೆ ಹತ್ತು ನಿಮಿಷ.

ಬೀಗದ ಕೈ ಬದಲಾಯಿಸಿದೆ, ಮನೆಯೊಡತಿಯನ್ನೇ ಹೊರಗೆ ಹಾಕಿದೆ. ಗಡಿಯಾರ ಮೇಜಿನ ಮೇಲೆ ಕುಕ್ಕಿದೆ. ಗಾಜು ಒಡೆಯಿತು.

ಇನ್ನೊಂದು ಇದೆ. ಆ ಮೀಟಿಂಗಿನ ನಡಾವಳಿಯಲ್ಲಿ "ಸರ್ವಾನುಮತದಿಂದ" ಎಂದು ಬರೆದಿದೆ. ಹಾಜರಿದ್ದವರ ಪಟ್ಟಿಯಲ್ಲಿ ನಿನ್ನ ಹೆಸರೂ ಇದೆ. ಬರೆದದ್ದು ಗುಮಾಸ್ತ. ಓದಿ ಸಹಿ ಹಾಕಿದ್ದು ನಾನು. ಈಗ ತಿದ್ದಿ ಎಂದು ಹೋದರೆ ಆಡಳಿತಾಧಿಕಾರಿ "ಯಾಕ್ರೀ ಹಳೇದನ್ನ ಕೆದಕ್ತೀರಾ, ಎರಡು ತಿಂಗಳ ಮೇಲಾಯ್ತು, ಬಿಡಿ" ಎನ್ನುತ್ತಾರೆ. ಅವರ ಕೋಣೆಯ ಬಾಗಿಲಲ್ಲಿ ನಿಂತು ಜೋರಾಗಿಯೇ ಕೂಗಾಡಿ ಬಂದಿದ್ದೇನೆ. ಇನ್ನೂ ತಿದ್ದಿಲ್ಲ. ದಿನವೂ ಹೋಗುತ್ತೇನೆ.

ನಿನ್ನ ಕಂಪ್ಯೂಟರು, ಹೆಡ್‌ಫೋನು ಇದರ ಜೊತೆ ಮನೆಗೆ ಕಳಿಸಿದ್ದೇನೆ. ಹೊಸ ಟೂಲ್‌ಸೆಟ್ ಅದರಲ್ಲಿದೆ. ಬೇಕಿದ್ದರೆ ಕಿಟಕಿಯಿಂದ ಎಸೆ.

— ಬಡಬಡಿ

•

ಜೂನ್ ೧೦

ಬಡಬಡಿ,

ಎಸೆಯಲಿಲ್ಲ. ಅದರ ಹೊಟ್ಟೆ ಬಗೆದು ನೋಡಿದೆ.

ಮೊದಲು ಅದನ್ನು ಮಾಡಿದವರಿಗೆ ಬರೆದೆ: ನಿಮ್ಮ ಸಲಕರಣೆ ಕುರುಡರೊಂದಿಗೆ ಮಾತಾಡುವುದಿಲ್ಲ. ನಾಲ್ಕನೇ ದಿನ ಉತ್ತರ ಬಂತು. ವಿಷಯ ಪಟ್ಟಿಯಲ್ಲಿದೆಯಂತೆ, ಕೇಳುವವರು ಕಡಿಮೆಯಂತೆ. ಬಾಗಿಲು ಮುಚ್ಚಿಟ್ಟು, ಒಳಗೆ ಬರುವವರೇ ಇಲ್ಲ ಎಂದ ಹಾಗೆ. ಆ ಉತ್ತರ ಓದಿಸಿಕೊಂಡ ದಿನ ಅಪ್ಪನ ಮೇಲೂ ಹರಿಹಾಯ್ದೆ, ಪಾಪ.

ಆಮೇಲೆ ಕೂತು ತಡಕಿದೆ. ಏನು ಸಿಕ್ಕಿತು ಗೊತ್ತೇ? ಆ ಪೆಟ್ಟಿಗೆ, ಕೆಂಪು ಗೆರೆ, ಬಣ್ಣ ಎಲ್ಲ ಮೇಲಿನ ಸುಣ್ಣ. ಒಳಗೆ ಅದು ಪ್ರತಿ ತಪ್ಪನ್ನೂ ಬರೀ ಅಕ್ಷರದಲ್ಲೇ ಬರೆದು ಇಟ್ಟುಕೊಳ್ಳುತ್ತದೆ. ಸಾಲು ಇಷ್ಟು, ಇಂಥದ್ದು ಬೇಕಿತ್ತು, ಇಂಥದ್ದು ಇದೆ. ಅದನ್ನು ಹೊರಗೆ ತಂದು ಓದಿಸಲು ಮುನ್ನೂರು ಸಾಲಿನ ಪ್ರೋಗ್ರಾಂ ಸಾಕಾಯಿತು. ಹತ್ತೊಂಬತ್ತು ದಿನದ ಕೆಲಸ. ಈಗ ಮಾತಾಡುತ್ತದೆ. ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ, ಆದರೂ ಹೇಳುತ್ತೇನೆ: ನೀನು ಆರಿಸಿದ್ದು ಒಳ್ಳೆಯ ಸಲಕರಣೆ.

ಸಂತೋಷ ಪಡಬೇಡ. ನನಗೆ ಮೊದಲಿಗಿಂತ ಹೆಚ್ಚು ಸಿಟ್ಟು ಬಂದಿದೆ. ಹತ್ತೊಂಬತ್ತು ದಿನ ಕಣೇ! ಮೂರು ವರ್ಷ "ಬೇಕು", "ನೋಡೋಣ" ಎಂದು ಗುದ್ದಾಡುವ ಬದಲು ಒಂದು ತಿಂಗಳು ಇಬ್ಬರೂ ಒಂದೇ ಮೇಜಿನಲ್ಲಿ ಕೂತಿದ್ದರೆ ಆ ಮನೆಯಲ್ಲಿ ಬಡಗಿ ಇರುತ್ತಿದ್ದ. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ.

ನನ್ನ ಷರತ್ತುಗಳು. ಹೊಸ ಟೂಲ್‌ಸೆಟ್ ಇರಲಿ. ನನ್ನ ಮುನ್ನೂರು ಸಾಲು ಎಲ್ಲರ ಯಂತ್ರದಲ್ಲೂ ಇರಬೇಕು, ನನ್ನೊಬ್ಬಳದರಲ್ಲಿ ಅಲ್ಲ. ದಾರಿ ಹುಡುಕುವ ಭಾಗವನ್ನು ಆರು ಜನಕ್ಕೂ ನಾನು ಕಲಿಸುತ್ತೇನೆ, ನಿನಗೂ. ನಡಾವಳಿ ತಿದ್ದಬೇಕು. ಅದಾಗುವವರೆಗೆ ಆಫೀಸಿನ ಮೆಟ್ಟಿಲು ಹತ್ತುವುದಿಲ್ಲ. ಆದರೆ ಸೇತುವೆಯ ಅಳತೆ ಇನ್ನೊಮ್ಮೆ ಆಗಬೇಕು. ಇಪ್ಪತ್ತೇಳನೇ ತಾರೀಖು ಶನಿವಾರ ಬೆಳಿಗ್ಗೆ ಮನೆಯಿಂದಲೇ ಸೇರಿಕೊಳ್ಳುತ್ತೇನೆ. ಫೋನು ಬೇಡ. ಕೆಲಸದ ಮಾತಷ್ಟೇ ಟೈಪ್ ಮಾಡು.

— ಕಿವಿ

•

ಜುಲೈ ೧

ಕಿವಿ,

ನಡಾವಳಿ ತಿದ್ದಿದರು. "ಸರ್ವಾನುಮತದಿಂದ" ಹೊಡೆದುಹಾಕಿ, ನೀನು ಹಾಜರಿರಲಿಲ್ಲ, ನಿನ್ನನ್ನು ಕೇಳಿರಲಿಲ್ಲ ಎಂದು ಬರೆದು, ಕೆಳಗೆ ನನ್ನ ಸಹಿ ಹಾಕಿಸಿಕೊಂಡರು. ಆಡಳಿತಾಧಿಕಾರಿ ಈಗ ನನ್ನನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯುತ್ತಾರೆ.

ಶನಿವಾರದ ಲೆಕ್ಕ ನಿನಗೆ ಗೊತ್ತು, ಹನ್ನೊಂದು ನಿಮಿಷ. ನಾನು ಸೇತುವೆ ಮುಚ್ಚಿದೆ ಎಂದು ಟೈಪ್ ಮಾಡಿದ್ದು, ನೀನು ಸಾಲಿನ ಸಂಖ್ಯೆ ಹೇಳಿದ್ದು, ಟೆಸ್ಟಿಂಗಿನವಳು ತಿದ್ದಿದ್ದು, ನಿನ್ನ ಮುನ್ನೂರು ಸಾಲು ಅವಳ ತಪ್ಪನ್ನು ಗಟ್ಟಿಯಾಗಿ ಓದಿ ಇಡೀ ಕೋಣೆಗೆ ಕೇಳಿಸಿದ್ದು. ಹನ್ನೊಂದು ನಿಮಿಷದಲ್ಲಿ ನಾವಿಬ್ಬರೂ ಒಂದು ಬೈಗುಳವನ್ನೂ ಆಡಲಿಲ್ಲ. ಹನ್ನೆರಡನೇ ನಿಮಿಷಕ್ಕೆ ನೀನು ಸಂಪರ್ಕ ಕಡಿದೆ.

ನಿನಗೆ ಗೊತ್ತಿಲ್ಲದ್ದು ಇದು. ನಿನ್ನೆ ಸಂಜೆ ನಾನೊಬ್ಬಳೇ ಬಡಗಿಯ ಮನೆಗೆ ಹೋಗಿದ್ದೆ. ಎರಡು ವರ್ಷದ ಹಿಂದೆ ವಿಚಾರಣೆ ನಡೀತಿದೆ ಎಂದು ಸುಳ್ಳು ಹೇಳಿದವಳು ನಾನೇ ಎಂದೆ. ಅವಳು ನನ್ನ ಮುಖ ನೋಡಿದಳು.

"ಗೊತ್ತು. ನಿಮ್ಮನ್ನ ನಾನು ಮರೆತಿಲ್ಲ."

ಕೂರಿ ಎನ್ನಲಿಲ್ಲ. ಸುತ್ತಲೂ ನಾಲ್ಕು ಹೊಸ ಸ್ಟೂಲು, ಎಲ್ಲವೂ ಖಾಲಿ. ನಿಂತೇ ಹೇಳಿದೆ: "ಇವತ್ತು ಸೇತುವೆ ಮುಚ್ಚಿದ್ರೆ ಹನ್ನೊಂದು ನಿಮಿಷ ಬೇಕಮ್ಮ. ಅಳತೆ ಮಾಡಿದ್ದೀವಿ."

"ಆಗ ಎಷ್ಟಾಗಿತ್ತು?"

"ಐದು ಗಂಟೆ."

ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಕೈಯಲ್ಲಿದ್ದ ಉಜ್ಜುಕಾಗದವನ್ನು ಮಡಿಸಿ, ಇನ್ನೊಂದು ಮಗ್ಗುಲು ಮಾಡಿಕೊಂಡಳು.

"ಹತ್ತು ನಿಮಿಷದ ಒಳಗೆ ಗಾಡಿ ಬಂದಿದ್ರೆ ಉಳೀತಿದ್ರು ಅಂತ ಡಾಕ್ಟ್ರು ಹೇಳಿದ್ರು. ಹತ್ತು. ನೀವು ಹನ್ನೊಂದು ಅಂತೀರಾ."

ಅವಳು ಬಗ್ಗಿ ಕೆಲಸ ಶುರು ಮಾಡಿದಳು. ಹೊರಗೆ ಬಂದು ಬೀದಿಯ ಕೊನೆಯವರೆಗೆ ನಡೆದರೂ ಆ ಉಜ್ಜುವ ಸದ್ದು ಕೇಳುತ್ತಲೇ ಇತ್ತು.

ಸೋಮವಾರ ಎಂಟಕ್ಕೆ ಬಾ. ನನ್ನನ್ನು ಕ್ಷಮಿಸು ಎಂದು ಕೇಳುತ್ತಿಲ್ಲ, ನಿನ್ನ ಸಿಟ್ಟು ಇಳಿದಿರಬೇಕೆಂದೂ ಇಲ್ಲ. ನನ್ನದೂ ಇಳಿದಿಲ್ಲ. ಹನ್ನೊಂದು ಹತ್ತರ ಒಳಗೆ ಬರಬೇಕು, ಎರಡು ನಿಮಿಷ ಕಡಿಮೆ ಮಾಡಬೇಕಾಗಿದೆ.

— ಬಡಬಡಿ